ಊರಿನ ರುಚಿಗೆ ನಾಚಿಕೆಯೇಕೆ?

ಪುಣೆಯ ನಮ್ಮ ಕನ್ನಡ ಮನೆಗಳಲ್ಲಿ ಈಚೆಗೆ ಒಂದು ಹೊಸ ವರ್ಣನೆ ಕೇಳಿಬರುತ್ತಿದೆ. ಮಗನನ್ನೋ ಮಗಳನ್ನೋ ನೋಡಲು ಫ್ರಾನ್ಸಿಗೆ ಹೋಗಿ ಬಂದವರು ಅಲ್ಲಿಯ ವೈನು, ಚೀಸುಗಳ ಮಾತು ತೆಗೆದರೆಂದರೆ ಚಹ ಆರಿಹೋದರೂ ಮಾತು ಮುಗಿಯದು. ಬೋರ್ಡೋದ ವೈನೇ ಬೇರೆ, ಬರ್ಗಂಡಿಯದೇ ಬೇರೆಯಂತೆ, ಊರಿಗೊಂದು ಚೀಸಂತೆ, ಅಜ್ಜಿಯ ಕೈಯಡಿಗೆಯನ್ನು ಮೊಮ್ಮಗಳೂ ಬಿಟ್ಟಿಲ್ಲವಂತೆ! ಕೇಳಿ ನಾವೂ ತಲೆದೂಗುತ್ತೇವೆ. ಅದರಲ್ಲಿ ತಪ್ಪಿಲ್ಲ. ನಮ್ಮ ತಕರಾರು ಬೇರೆ.

ಫ್ರೆಂಚರ ಈ ಹೆಮ್ಮೆ ಆಕಾಶದಿಂದ ಉದುರಿದ್ದಲ್ಲ. ರೋಕ್‌ಫೋರ್ ಎಂಬುದು ದಕ್ಷಿಣ ಫ್ರಾನ್ಸಿನ ಒಂದು ಸಣ್ಣ ಹಳ್ಳಿ. ಕುರಿಯ ಹಾಲಿನ ಚೀಸನ್ನು ಅಲ್ಲಿಯ ಗವಿಗಳಲ್ಲಿಟ್ಟು, ನೀಲಿ ಬೂಷ್ಟು ಹಿಡಿಸಿ ಹದಗೊಳಿಸುತ್ತಾರೆ. ಆ ಹೆಸರನ್ನು ಕಂಡಕಂಡವರು ಬಳಸದಂತೆ 1925ರಲ್ಲಿಯೇ ಕಾನೂನಾಯಿತು. 1935ರಲ್ಲಿ ವೈನುಗಳ ಊರ ಹೆಸರಿಗೂ ರಕ್ಷಣೆ ದೊರೆಯಿತು. 2010ರಲ್ಲಿ ಫ್ರೆಂಚರ ಊಟದ ಪದ್ಧತಿಯನ್ನೇ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ತಮ್ಮ ಹಳ್ಳಿಯ ವಾಸನೆಗೆ ಅವರು ನಾಚಲಿಲ್ಲ. ಅದೇ ಗುಟ್ಟು. ನಮ್ಮ ಪುಣೆ ಜಿಲ್ಲೆಯ ನಾರಾಯಣಗಾಂವದಲ್ಲಿಯೂ 1980ರ ದಶಕದಲ್ಲಿ ಫ್ರೆಂಚರ ನೆರವಿನಿಂದ ವೈನು ತಯಾರಾಯಿತು. ಕಸುಬು ಬಂತು, ಆ ಅಭಿಮಾನ ಬರಲಿಲ್ಲ.

ನಾವೇನು ಮಾಡುತ್ತೇವೆ? ಬೂಷ್ಟಿನ ಚೀಸನ್ನು ಹೊಗಳಿದ ಅದೇ ಬಾಯಿ, ಕರಾವಳಿಯ ತವರಿನಿಂದ ಒಣಸಿಗಡಿ ಚಟ್ನಿ ಬಂದರೆ 'ಮೊದಲು ಕಿಟಕಿ ಮುಚ್ಚು, ನೆರೆಯವರು ಏನೆಂದಾರು?' ಎನ್ನುತ್ತದೆ. ಮಲೆನಾಡಿನ ಕಣಿಲೆಗೂ ಅದೇ ಗತಿ. ವಿಜಯಪುರದ ಕಡೆಯವರ ಪುಂಡಿಪಲ್ಲೆ ಬೀಗರು ಬಂದ ದಿನ ಅಡಿಗೆಮನೆಯಲ್ಲಿಯೇ ಉಳಿಯುತ್ತದೆ. ಪಂಕ್ತಿಗೆ ಪನೀರು ಬರುತ್ತದೆ.

ಊರ ಹೆಸರು ಹೊತ್ತ ರುಚಿಗೆ ನಮ್ಮಲ್ಲಿ ಬರವೇ? ಬ್ಯಾಡಗಿ ಮೆಣಸಿನಕಾಯಿಗೆ, ಉಡುಪಿಯ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ಧಾರವಾಡ ಪೇಢೆಗೂ ಅದುಂಟು. ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ ಜೋಳಕ್ಕೂ ಉಂಟು. ಅದು ಬಿಜ್ಜಳನ ಮಂಗಳವಾಡದ ನೆಲದ ಬೆಳೆ. ಆ ಜೋಳದ ರೊಟ್ಟಿಯನ್ನು ನಮ್ಮ ಮಕ್ಕಳು ಹೋಟೆಲಿನಲ್ಲಿ 'ಭಾಕರಿ' ಎಂದು ದುಡ್ಡು ಕೊಟ್ಟು ತಿನ್ನುತ್ತಾರೆ. ಮನೆಯಲ್ಲಿ ಬಡಿಯುವವರಿಲ್ಲ.

ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿಯನ್ನು ಬೆಳೆಸಿದ ಜಗನ್ನಾಥ ಶೆಟ್ಟರಂಥವರು ಇಡ್ಲಿ-ದೋಸೆಗೆ ಈ ಊರಿನಲ್ಲಿ ಮರ್ಯಾದೆ ತಂದುಕೊಟ್ಟರು. ಆ ಋಣ ದೊಡ್ಡದು. ಆದರೆ ಕರ್ನಾಟಕವೆಂದರೆ ಇಡ್ಲಿ-ದೋಸೆಯಷ್ಟೇ ಎಂದು ಮರಾಠಿ ಬಾಂಧವರು ತಿಳಿದಿದ್ದರೆ ತಪ್ಪು ಅವರದಲ್ಲ. ರಾಜ್ಯೋತ್ಸವದ ಊಟಕ್ಕೂ ನಾವೇ ಗುತ್ತಿಗೆ ಕೊಟ್ಟು 'ಎಲ್ಲರಿಗೂ ನಡೆಯುವಂಥದ್ದು' ಮಾಡಿಸುತ್ತೇವೆ. ಎಲ್ಲರಿಗೂ ನಡೆಯುವಂಥದ್ದು ಯಾರ ಮನೆಯದೂ ಅಲ್ಲ.

'ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಇದನ್ನೆಲ್ಲ ಮಾಡುವವರಾರು?' ಎಂದು ಸೋದರಿಯರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಪರಂಪರೆಯ ಹೆಸರಿನಲ್ಲಿ ಹೆಂಗಸರನ್ನು ಮತ್ತೆ ಒಲೆಗೆ ಕಟ್ಟುವುದಾದರೆ ಆ ಪರಂಪರೆ ನಮಗೆ ಬೇಡ. ಬೋರ್ಡೋದ ವೈನಿನ ಗುಣವನ್ನು ಗಂಟೆಗಟ್ಟಲೆ ಬಣ್ಣಿಸಬಲ್ಲ ಗಂಡಸರು ರೊಟ್ಟಿಯ ಹಿಟ್ಟು ನಾದಲು ಕಲಿಯಬಾರದೇಕೆ? ದಿನಾಲೂ ಬೇಡ, ಭಾನುವಾರಕ್ಕೊಮ್ಮೆ ಸಾಕು.

ತಡಮಾಡುವಂತಿಲ್ಲ. ನಮ್ಮ ತಾಯಿಯವರು ವರ್ಷಕ್ಕೊಮ್ಮೆ ಮಸಾಲೆಖಾರ ಕುಟ್ಟಿಸುತ್ತಿದ್ದರು. ಅಳತೆ ಕೇಳಿದರೆ 'ಕೈಯಂದಾಜು' ಎಂದು ನಗುತ್ತಿದ್ದರು. ಬರೆದಿಟ್ಟುಕೊಂಡರಾಯಿತು ಎಂದು ನಾವು ಮುಂದೂಡುತ್ತ ಬಂದೆವು. ಈಗ ಕೇಳೋಣವೆಂದರೆ ಅವರಿಲ್ಲ. ಅಂಗಡಿಯ ಪೊಟ್ಟಣ ಸಾರಿಗೆ ಬಣ್ಣ ಕೊಡುತ್ತದೆ, ಅಷ್ಟೇ.

ಓದುಗ ಬಾಂಧವರಲ್ಲಿ ನಮ್ಮ ಬೇಡಿಕೆ ಸಣ್ಣದು. ಮುಂದಿನ ರಾಜ್ಯೋತ್ಸವಕ್ಕೆ ಗುತ್ತಿಗೆಯ ಊಟ ನಿಲ್ಲಲಿ. ಮನೆಗೊಂದು ಪದಾರ್ಥ ಬರಲಿ. ಪಾತ್ರೆಯ ಮುಂದೆ ಊರಿನ ಹೆಸರು, ಮಾಡಲು ಕಲಿಸಿದವರ ಹೆಸರು ಬರೆದಿರಲಿ. ಒಣಸಿಗಡಿಯೂ ಬರಲಿ, ಕಣಿಲೆಯೂ ಬರಲಿ, ಪುಂಡಿಪಲ್ಲೆಯೂ ಬರಲಿ. ಬೇಡವಾದವರು ಬಡಿಸಿಕೊಳ್ಳದಿದ್ದರಾಯಿತು. ಕಿಟಕಿ ಮಾತ್ರ ಮುಚ್ಚುವುದು ಬೇಡ.