ಪ್ಲಗ್ಗಿನ ಥ್ರೆಡ್ ಹೋದರೆ ಹೆಡ್ಡೇ ಹೋಯಿತೇ?

"ಹೆಡ್ಡೇ ಚೇಂಜ್ ಮಾಡ್ಬೇಕು ಸಾರ್, ಬೇರೆ ದಾರಿ ಇಲ್ಲ."

ಹಳೇ ಕಾರು ಇಟ್ಟುಕೊಂಡವರಲ್ಲಿ ಎಷ್ಟು ಜನ ಈ ಮಾತು ಕೇಳಿ ಕಾರನ್ನೇ ಮಾರಿಬಿಟ್ಟಿದ್ದಾರೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ 2004ರ ಝೆನ್ ಇದೆ. ಹದಿನೈದು ವರ್ಷ ದಾಟಿದ ಮೇಲೆ ಎಫ್.ಸಿ. ಮಾಡಿಸಿ, ಹಸಿರು ತೆರಿಗೆ ಕಟ್ಟಿ ಉಳಿಸಿಕೊಂಡ ಗಾಡಿ. ಕಳೆದ ವರ್ಷ ಒಂದು ಕಡೆ ಸರ್ವಿಸ್‌ಗೆ ಬಿಟ್ಟಾಗ ಹೊಸ ಪ್ಲಗ್ ಹಾಕಿಕೊಟ್ಟರು. ಮೂರು ವಾರಕ್ಕೆ ಬಾನೆಟ್ ಒಳಗಿಂದ ಚಟ್ ಚಟ್ ಚಟ್ ಅಂತ ಸದ್ದು, ಏರು ಬಂದರೆ ಕಾರು ಮುಕ್ಕರಿಯುತ್ತೆ. ಬಿಚ್ಚಿದರೆ ಮೂರನೇ ಪ್ಲಗ್ಗಿನ ಜೊತೆ ಅಲ್ಯೂಮಿನಿಯಂ ಸುರುಳಿಯೊಂದು ಅದರ ಮೈಗೆ ಸುತ್ತಿಕೊಂಡು ಈಚೆ ಬಂತು. ತೂತಿನೊಳಗೆ ಥ್ರೆಡ್ಡೇ ಇಲ್ಲ, ನುಣ್ಣಗೆ! ಹಾಕಿದವರನ್ನು ಕೇಳಿದರೆ "ಗಾಡಿ ಹಳೇದಲ್ವಾ ಸಾರ್" ಅಂದರು. ಗಾಜಿನ ಗೋಡೆಯ ಇನ್ನೊಂದು ದೊಡ್ಡ ಸರ್ವಿಸ್ ಸೆಂಟರಿಗೆ ಹೋದರೆ ಮೇಲಿನ ಮಾತು ಮತ್ತು ಐದಂಕಿಯ ಎಸ್ಟಿಮೇಟು. ಕಾರು ಮಾರಿದರೆ ಬರುವ ದುಡ್ಡಿಗೆ ಅದೇನೂ ಬಹಳ ದೂರ ಇರಲಿಲ್ಲ.

ಈ ತೀರ್ಪು ತಪ್ಪು ಅನ್ನೋದು ನನ್ನ ವಾದ. ನೂರಕ್ಕೆ ನೂರು ಸಲ ತಪ್ಪು ಅನ್ನಲ್ಲ. ಆದರೆ ತೂತನ್ನು ಸರಿಯಾಗಿ ನೋಡುವ ಮೊದಲೇ ಹೇಳಿದರೆ ಖಂಡಿತಾ ತಪ್ಪು.

ಮೊದಲು ಥ್ರೆಡ್ ಯಾಕೆ ಹೋಗುತ್ತೆ ನೋಡೋಣ. ಪ್ಲಗ್ಗಿನ ಮೈ ಉಕ್ಕು, ಹೆಡ್ ಅಲ್ಯೂಮಿನಿಯಂ. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿನ ಹತ್ತಿರ ಹತ್ತಿರ ಎರಡರಷ್ಟು ಹಿಗ್ಗುತ್ತದೆ, ಮೆತ್ತಗೂ ಆಗುತ್ತದೆ. ಹಾಗಾಗಿ ಎಂಜಿನ್ ಪೂರ್ತಿ ಆರಿದ ಮೇಲೇ ಪ್ಲಗ್ಗಿಗೆ ಕೈ ಹಾಕಬೇಕು. ಹೊರಗೆ ಕ್ಯೂ ನಿಂತಿರುವಾಗ ಆರುವವರೆಗೆ ಕಾಯುವ ವ್ಯವಧಾನ ಯಾರಿಗಿದೆ? ಎರಡನೆಯದು, ಪ್ಲಗ್ಗನ್ನು ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಬೇಕು. ಬೆರಳಿಗೆ ಥ್ರೆಡ್ ಅಡ್ಡ ಹತ್ತಿದ್ದು ತಕ್ಷಣ ಗೊತ್ತಾಗುತ್ತೆ, ಉದ್ದ ಹಿಡಿಯ ರ್‍ಯಾಚೆಟ್ಟಿಗೆ ಗೊತ್ತಾಗಲ್ಲ. ಅದು ಉಕ್ಕನ್ನು ಅಲ್ಯೂಮಿನಿಯಮ್ಮಿನೊಳಗೆ ಬೆಣ್ಣೆಯಲ್ಲಿ ಚಾಕು ಇಳಿಸಿದ ಹಾಗೆ ಇಳಿಸಿಬಿಡುತ್ತೆ.

ಮೂರನೆಯದು ಬಿಗಿ. ವಾಷರ್ ಇರುವ 14 ಎಂ.ಎಂ. ಪ್ಲಗ್ಗಿಗೆ ಅಲ್ಯೂಮಿನಿಯಂ ಹೆಡ್‌ನಲ್ಲಿ 25ರಿಂದ 30 ನ್ಯೂಟನ್-ಮೀಟರ್ ಸಾಕು. ಲೆಕ್ಕ ಬಿಡಿ, 25 ಸೆಂಟಿಮೀಟರ್ ಹಿಡಿಯ ತುದಿಗೆ ಹತ್ತು-ಹನ್ನೆರಡು ಕಿಲೋ ಭಾರ ತೂಗುಹಾಕಿದಷ್ಟು. ಟಾರ್ಕ್ ರೆಂಚ್ ಇಲ್ಲದವರಿಗೆ ಸುಲಭ ದಾರಿ: ಹೊಸ ಪ್ಲಗ್ ಬೆರಳಲ್ಲಿ ಪೂರ್ತಿ ಕೂತ ಮೇಲೆ ಅರ್ಧ ಸುತ್ತು, ಹೆಚ್ಚೆಂದರೆ ಮುಕ್ಕಾಲಿಗೂ ಸ್ವಲ್ಪ ಕಡಿಮೆ. ಹಳೇ ಪ್ಲಗ್ಗನ್ನೇ ತಿರುಗಿ ಹಾಕುವುದಾದರೆ ವಾಷರ್ ಆಗಲೇ ಚಪ್ಪಟೆಯಾಗಿರುತ್ತೆ, ಸುತ್ತಿನ ಹನ್ನೆರಡನೇ ಒಂದು ಭಾಗ ಸಾಕು. "ಇರ್ಲಿ, ಇನ್ನೊಂಚೂರು" ಅನ್ನುವ ಕೈಯೇ ಹೆಡ್ಡಿಗೆ ಶತ್ರು. ಥ್ರೆಡ್ಡಿಗೆ ಗ್ರೀಸ್ ಹಚ್ಚಿ ಹಾಕಿದರೆ ಒಳ್ಳೇದು ಅಂತ ಕೆಲವರಿದ್ದಾರೆ. ಎನ್‌ಜಿಕೆ ಕಂಪನಿ ಬೇಡ ಅನ್ನುತ್ತೆ. ಪ್ಲಗ್ಗಿನ ಮೈಗೆ ಆಗಲೇ ಲೇಪ ಇರುತ್ತೆ. ಜಾರಿಕೆ ಹೆಚ್ಚಾದರೆ ಅಷ್ಟೇ ಬಲಕ್ಕೆ ಪ್ಲಗ್ ಇನ್ನೂ ಜಾಸ್ತಿ ಬಿಗಿಯುತ್ತೆ.

ಹಾಗಂತ ಸಡಿಲ ಬಿಟ್ಟರೂ ಕಷ್ಟವೇ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿದಾಗ ಒಳಗಿನ ಒತ್ತಡ 50 ಬಾರ್ ಆಯಿತು ಅಂದುಕೊಳ್ಳಿ. 14 ಎಂ.ಎಂ. ತೂತಿನ ಮೇಲೆ ಅದು ಎಪ್ಪತ್ತೈದು ಕಿಲೋ ದಾಟುತ್ತೆ. ಒಬ್ಬ ಆಳು ಒಳಗಿಂದ ಒದ್ದ ಹಾಗೆ. ಎಂಜಿನ್ 3000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 25 ಒದೆತ!

ಅದಕ್ಕೇ ಈ ರಿಪೇರಿಯಲ್ಲಿ ಅಂಟಿಗೆ ಜಾಗ ಇಲ್ಲ. ಎಂ-ಸೀಲ್ ತುಂಬಿ ಪ್ಲಗ್ ಕೂರಿಸಿದವರನ್ನು, ಟೆಫ್ಲಾನ್ ಟೇಪು ಸುತ್ತಿದವರನ್ನು, ತಾಮ್ರದ ತಂತಿ ಸುತ್ತಿ ತುರುಕಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ :-) ಪ್ಲಗ್ ತನ್ನ ಬಿಸಿಯನ್ನು ಹೆಡ್ಡಿಗೆ ದಾಟಿಸುವುದು ಥ್ರೆಡ್ ಮತ್ತು ವಾಷರ್ ಮೂಲಕ. ನಡುವೆ ಅಂಟು ಬಂದರೆ ಬಿಸಿಗೆ ದಾರಿ ಇಲ್ಲ, ಪ್ಲಗ್ಗಿನ ಮೂತಿ ಕೆಂಡವಾಗುತ್ತೆ, ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುತ್ತೆ. ಅದೇ ಮುಂದುವರಿದರೆ ಪಿಸ್ಟನ್ನಿಗೆ ತೂತು. ಇದಕ್ಕೆ ಬೇಕಾದರೆ ಜುಗಾಡ್ ಅನ್ನಿ, ನನ್ನ ತಕರಾರಿಲ್ಲ.

ಆದರೆ ಇನ್ಸರ್ಟ್ ಹಾಕುವುದನ್ನೂ ಅದೇ ಸಾಲಿಗೆ ಸೇರಿಸಿ "ಅದೆಲ್ಲ ಟೆಂಪರರಿ ಸಾರ್" ಅನ್ನುತ್ತಾರಲ್ಲ, ಅಲ್ಲೇ ನನಗೆ ಸಿಟ್ಟು ಬರೋದು. ಹಾಳಾದ ತೂತನ್ನು ಕೊಂಚ ದೊಡ್ಡದು ಮಾಡಿ, ಹೊಸ ಥ್ರೆಡ್ ಹೊಡೆದು, ಅದರೊಳಗೆ ಉಕ್ಕಿನ ಒಳಪದರ ಕೂರಿಸುವುದು ಈ ಕೆಲಸ. ಹೆಲಿಕಾಯಿಲ್ ಅಂದರೆ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸ್ಪ್ರಿಂಗಿನಂಥ ಸುರುಳಿ. ಇನ್ನೊಂದು ಗಟ್ಟಿ ಬುಷ್, ಹೊರಗೂ ಒಳಗೂ ಥ್ರೆಡ್ ಇರುವ ಪುಟ್ಟ ಕೊಳವೆ. ಎರಡರಲ್ಲೂ ಪ್ಲಗ್ ಈಗ ಉಕ್ಕಿನಲ್ಲಿ ತಿರುಗುತ್ತೆ. ಎಷ್ಟು ಸಲ ಬಿಚ್ಚಿ ಹಾಕಿದರೂ ಅಲ್ಯೂಮಿನಿಯಂ ಸವೆಯಲ್ಲ. ಒಳಪದರದ ಹೊರ ವ್ಯಾಸ ದೊಡ್ಡದಾದ್ದರಿಂದ ಹೆಡ್ಡಿನ ಹಿಡಿತವೂ ಮೊದಲಿಗಿಂತ ಹೆಚ್ಚು. ಅಂದರೆ ಕಂಪನಿಯಿಂದ ಬಂದದ್ದಕ್ಕಿಂತ ಗಟ್ಟಿ.

ನಂಬಿಕೆ ಬರಲ್ವಾ? ಜಕ್ಕೂರಿನ ಕಡೆ ಹೋದವರು ತರಬೇತಿಯ ಸಣ್ಣ ಸೆಸ್ನಾ ವಿಮಾನಗಳನ್ನು ನೋಡಿರುತ್ತೀರಿ. ಅಂಥ ವಿಮಾನಗಳಿಗೆ ಹಾಕುವ ಲೈಕಮಿಂಗ್ ಎಂಜಿನ್‌ಗಳ ಪ್ಲಗ್ ತೂತಿಗೆ ಕಾರ್ಖಾನೆಯಿಂದಲೇ ಹೆಲಿಕಾಯಿಲ್ ಹಾಕಿರುತ್ತದೆ. ಆಕಾಶದಲ್ಲಿ ಹಾರುವುದಕ್ಕೆ ಆಗುವಂಥದ್ದು ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಲ್ಲುವುದಕ್ಕೆ ಆಗಲ್ವೇ? ಕಾರಿನ ಉದಾಹರಣೆಯೇ ಬೇಕೆಂದರೆ ಅಮೆರಿಕದ ಫೋರ್ಡ್ ಟ್ರೈಟನ್ ಎಂಜಿನ್ ಇದೆ. ಅದರ ಹಳೇ ಎರಡು-ವಾಲ್ವಿನ ಮಾದರಿಗಳ ಹೆಡ್‌ನಲ್ಲಿ ಪ್ಲಗ್ಗಿಗೆ ನಾಲ್ಕೇ ಸುತ್ತಿನಷ್ಟು ಥ್ರೆಡ್ ಇತ್ತು. ಓಡುತ್ತಿರುವಾಗಲೇ ಪ್ಲಗ್ಗು ಗುಂಡಿನ ಹಾಗೆ ಹಾರಿಹೋಗುತ್ತಿದ್ದವು. ಹೆಡ್ ಬದಲಿಸದೆ ಇನ್ಸರ್ಟ್ ಹಾಕಿ ಸರಿಮಾಡಬಹುದು ಅಂತ 2007ರಲ್ಲಿ ಫೋರ್ಡ್ ಕಂಪನಿಯೇ ಸರ್ವಿಸ್ ಬುಲೆಟಿನ್ ಹೊರಡಿಸಿತು.

ನನ್ನ ಝೆನ್ ಕಡೆಗೆ ಹೋದದ್ದು ಕಲಾಸಿಪಾಳ್ಯದ ಹಿಂದಿನ ಒಂದು ಲೇತ್ ಶಾಪಿಗೆ. ಅರವತ್ತು ದಾಟಿದ ಮೇಸ್ತ್ರಿ. ಟಾರ್ಚ್ ಬಿಟ್ಟು ನೋಡಿದರು, ಕಿರುಬೆರಳು ಹಾಕಿ ನೋಡಿದರು. "ಹೆಡ್ ಇಳಿಸಿ ತನ್ನಿ ಸಾರ್, ಕಣ್ಣಿಗೆ ಕಾಣದ ಕೆಲಸ ನಾನು ಮಾಡಲ್ಲ" ಅಂದರು. ಹೆಡ್ ಇಳಿಸದೆ ಗಾಡಿಯ ಮೇಲೇ ಮಾಡುವವರೂ ಇದ್ದಾರೆ. ಟ್ಯಾಪಿನ ಗೀರುಗಳಿಗೆ ಗ್ರೀಸ್ ಮೆತ್ತಿ, ಚೂರು ಒಳಗೆ ಬೀಳದ ಹಾಗೆ ಮತ್ತೆ ಮತ್ತೆ ಈಚೆ ತೆಗೆದು ಒರೆಸಿ, ಕೊನೆಗೆ ಸಣ್ಣ ಪೈಪಿನಲ್ಲಿ ಎಳೆದುಕೊಂಡು ಮಾಡುತ್ತಾರೆ. ತಪ್ಪೇನಲ್ಲ. ಆದರೆ ಒಂದು ಅಲ್ಯೂಮಿನಿಯಂ ಚೂರು ವಾಲ್ವಿನ ಸೀಟಿನ ಮೇಲೆ ಕೂತರೆ ಆ ಸಿಲಿಂಡರಿನ ಕಂಪ್ರೆಷನ್ ಹೋಯಿತು. ಹಾಗಾಗಿ ನಾನು ಮೇಸ್ತ್ರಿಯ ಮಾತಿಗೇ ಹೂಂ ಅಂದೆ.

ಅವರು ಕೆಲಸ ಮಾಡಿದ ರೀತಿ ಹೇಳಲೇಬೇಕು. ಹೆಡ್ಡನ್ನು ಪಿಲ್ಲರ್ ಡ್ರಿಲ್ಲಿನ ಮೇಜಿಗೆ ಕಟ್ಟಿ, ಪಕ್ಕದ ಒಳ್ಳೇ ತೂತಿಗೆ ಪ್ಲಗ್ ಹಾಕಿ, ಅದರ ವಾಲು ನೋಡಿಕೊಂಡು ಅಳತೆ ಹೊಂದಿಸಿದ್ದಕ್ಕೇ ಮುಕ್ಕಾಲು ಗಂಟೆ. ಕೊರೆದದ್ದು ಎರಡು ನಿಮಿಷ. ಟ್ಯಾಪನ್ನು ಮಾತ್ರ ಕೈಯಲ್ಲೇ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ತೂತು ಒಂಚೂರು ಓರೆಯಾದರೂ ವಾಷರ್ ಒಂದೇ ಬದಿಗೆ ಕೂತು ಗ್ಯಾಸ್ ಸೋರುತ್ತೆ ಅಂದರು. ಬುಷ್ ಕೂರಿಸಿದ ಮೇಲೆ ಹೆಡ್ ಮಗುಚಿ, ಒಳಬದಿಯಲ್ಲಿ ಬೆರಳಾಡಿಸಿ ತೋರಿಸಿದರು. ಬುಷ್ಷಿನ ಅಂಚು ಒಳಗೆ ಚಾಚಿರಬಾರದು. ಚಾಚಿದ ಅಂಚು ಕಾದು ಕೆಂಪಾಗಿ ಅದೇ ಬೆಂಕಿ ಹಚ್ಚುತ್ತೆ. ಮಾತಿನ ನಡುವೆ ಇನ್ನೊಂದು ವಿಷಯ ಗೊತ್ತಾಯಿತು: ಸಾಮಾನ್ಯ ಬೋಲ್ಟಿನ ಹೆಲಿಕಾಯಿಲ್‌ಗೆ ತುದಿಯಲ್ಲೊಂದು ಪುಟ್ಟ ಬಾಲ ಇರುತ್ತೆ, ಕೂರಿಸಿದ ಮೇಲೆ ಮುರಿಯಬೇಕು. ಗಾಡಿಯ ಮೇಲೇ ಅದನ್ನು ಪ್ಲಗ್ಗಿಗೆ ಹಾಕಿದರೆ ಮುರಿದ ಬಾಲ ನೆಟ್ಟಗೆ ಸಿಲಿಂಡರಿನೊಳಗೆ! ಪ್ಲಗ್ಗಿಗೆ ಅಂತಲೇ ಬಾಲವಿಲ್ಲದ್ದು ಬರುತ್ತೆ, ಅದನ್ನೇ ಕೇಳಿ ತರಬೇಕಂತೆ.

ಹೆಡ್ ಗ್ಯಾಸ್ಕೆಟ್, ಟೈಮಿಂಗ್ ಬೆಲ್ಟ್, ಇಳಿಸಿ ಏರಿಸಿದ ಕೂಲಿ, ಮೇಸ್ತ್ರಿಯ ಕೂಲಿ ಎಲ್ಲ ಸೇರಿ ಗಾಜಿನ ಗೋಡೆಯವರು ಹೇಳಿದ್ದರ ಕಾಲು ಭಾಗವೂ ಆಗಲಿಲ್ಲ. ಅದರಲ್ಲೂ ಮೇಸ್ತ್ರಿಗೆ ಹೋದದ್ದೇ ಎಲ್ಲಕ್ಕಿಂತ ಕಡಿಮೆ. ಅದು ನ್ಯಾಯವೇ ಅಂತ ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ.

ಸರ್ವಿಸ್ ಸೆಂಟರಿನವರ ಕಡೆಯ ಮಾತೂ ಒಂದಿದೆ, ಹೇಳಿಬಿಡ್ತೀನಿ. ಅವರು ಕೆಲಸಕ್ಕೆ ಗ್ಯಾರಂಟಿ ಕೊಡಬೇಕು, ಓರೆ ಕೊರೆದರೆ ಹೊಣೆ ಅವರದೇ, ಅಳತೆ ಹೊಂದಿಸುತ್ತಾ ಮುಕ್ಕಾಲು ಗಂಟೆ ಕೂರುವ ಹುಡುಗನನ್ನು ಸಾಕುವುದಕ್ಕಿಂತ ಪೆಟ್ಟಿಗೆಯಿಂದ ಹೊಸ ಹೆಡ್ ತೆಗೆಯುವುದು ಸುಲಭ. ಒಪ್ಪೋಣ. ಪ್ಲಗ್ ತೂತಿನಿಂದ ವಾಲ್ವ್ ಸೀಟಿನವರೆಗೆ ಬಿರುಕು ಬಿಟ್ಟಿದ್ದರೆ, ಅಥವಾ ಹಿಂದೆ ಯಾರೋ ಅಡ್ಡಾದಿಡ್ಡಿ ಕೊರೆದು ಸುತ್ತಲಿನ ಗೋಡೆಯೇ ತೆಳುವಾಗಿದ್ದರೆ ಹೆಡ್ ಬದಲಿಸಲೇಬೇಕು. ಆದರೆ "ನಮ್ಮಲ್ಲಿ ಆಗಲ್ಲ, ಲೇತ್‌ನವರ ಹತ್ತಿರ ಆಗಬಹುದು" ಅಂತ ಹೇಳುವುದಕ್ಕೂ "ಬೇರೆ ದಾರಿ ಇಲ್ಲ" ಅನ್ನುವುದಕ್ಕೂ ವ್ಯತ್ಯಾಸ ಇಲ್ಲವೇ? ಮೊದಲನೆಯದು ಅಸಾಮರ್ಥ್ಯ, ಯಾರಿಗೂ ಇರುವಂಥದ್ದೇ. ಎರಡನೆಯದು ಸುಳ್ಳು. ನಾಲ್ಕು ಕಾಸು ಕೂಡಿಸಿ ಹಳೇ ಗಾಡಿ ಓಡಿಸುವವನಿಗೆ ಆ ಸುಳ್ಳು ಬಹಳ ದುಬಾರಿ.

ನಿಮ್ಮ ಗಾಡಿ ಸರ್ವಿಸ್‌ಗೆ ಬಿಡುವಾಗ "ಪ್ಲಗ್ ಎಂಜಿನ್ ಆರಿದ ಮೇಲೆ ಬಿಚ್ಚಿ, ಬೆರಳಲ್ಲೇ ಹತ್ತಿಸಿ" ಅಂತ ಒಂದು ಮಾತು ಹೇಳಿ ನೋಡಿ. ಹುಡುಗರು ಒಂಥರಾ ನೋಡ್ತಾರೆ, ನೋಡಲಿ ಬಿಡಿ. ಅಂದ ಹಾಗೆ ಬೆಂಗಳೂರಿನ ಹೊರಗೆ, ಮೈಸೂರು, ಹುಬ್ಬಳ್ಳಿ, ಮಂಗಳೂರು, ದಾವಣಗೆರೆ ಕಡೆ ಪ್ಲಗ್ ಬುಷ್ ಅಚ್ಚುಕಟ್ಟಾಗಿ ಕೂರಿಸುವ ಮೇಸ್ತ್ರಿಗಳು ಯಾರಿಗಾದರೂ ಗೊತ್ತಿದ್ದರೆ ಊರು, ಬೀದಿ ಇಷ್ಟನ್ನು ಕಾಮೆಂಟಿನಲ್ಲಿ ಹಾಕಿ. ಚಿತ್ರದುರ್ಗದ ಗೆಳೆಯರೊಬ್ಬರ ವ್ಯಾನು ಇದೇ ಕಾಯಿಲೆಯಿಂದ ಎರಡು ವಾರದಿಂದ ಶೆಡ್ಡಿನಲ್ಲಿ ನಿಂತಿದೆ.