ಅಕ್ವೇರಿಯಂ ಕೆಳಗ ಸಂಪು ಇಡ್ರಿ, ಆದ್ರ ಖಾಲಿ ಜಾಗಾ ಬಿಡ್ರಿ

ಸಂಪು ಅಂದ ಕೂಡ್ಲೆ ನಮ್ಮ ಮಂದಿಗೆ ನೆನಪಾಗೂದು ಅಂಗಳದಾಗ ನೆಲದೊಳಗ ಕಟ್ಟಿಸಿದ ನೀರಿನ ತೊಟ್ಟಿ. ನಳದ ನೀರು ಬಂದಾಗ ತುಂಬೂದು, ಬರದಿದ್ದಾಗ ಬಳಸೂದು. ನಾ ಹೇಳಾಕ ಹೊಂಟಿದ್ದು ಬ್ಯಾರೆ ಸಂಪು. ಪಡಸಾಲ್ಯಾಗ ಮೀನಿನ ಗಾಜಿನ ಟ್ಯಾಂಕ್ ಇಡ್ತಾರಲ್ಲ, ಅದರ ಸ್ಟ್ಯಾಂಡಿನ ಒಳಗ ಇನ್ನೊಂದು ಸಣ್ಣ ಗಾಜಿನ ತೊಟ್ಟಿ ಇರ್ತೈತಿ. ಮ್ಯಾಲಿನ ನೀರು ತಾನ ಇಳದು ಅದಕ್ಕ ಬಂದು, ಸ್ಪಂಜು, ಸಿರಾಮಿಕ್ ಉಂಗುರದಾಗ ಹಾದು, ಪಂಪಿನಿಂದ ತಿರುಗಿ ಮ್ಯಾಲ ಹೋಗ್ತೈತಿ. ಹೆಸರು ಒಂದ ಆದ್ರೂ ಗುಣ ಉಲ್ಟಾ. ಅಂಗಳದ ಸಂಪು ತುಂಬಿದಷ್ಟೂ ಚಲೋ. ಇದನ್ನ ತುಂಬಿಸಿ ಇಟ್ರ ಪಡಸಾಲಿ ತೊಯ್ತೈತಿ.

ಚೊಳಚಗುಡ್ಡ, ಬಾದಾಮಿ ಕಡೆ ಹುಡುಗ್ರು ದೊಡ್ಡ ಟ್ಯಾಂಕ್ ಇಡಾಕ ಆಸೆ ಮಾಡ್ತಾರ. ನೋಡಿ ಕಲಿಯೂದು ಮೊಬೈಲಿನ ವಿಡಿಯೋದಾಗ. ಆ ವಿಡಿಯೋದ ಮನ್ಯಾಗ ಕರೆಂಟ್ ಹೋಗಂಗಿಲ್ಲ. ನಮ್ಮಲ್ಲಿ ಬಿರುಗಾಳಿ ಬೀಸಿದ್ರ ಹೋಗ್ತೈತಿ, ಗಾಳಿ ಇಲ್ದನೂ ಹೋಗ್ತೈತಿ. ಅದಕ್ಕ ಸಂಪಿನ ಅಳತಿ ತಗೋಳೂದು ಕರೆಂಟ್ ಇದ್ದಾಗಿನ ಲೆಕ್ಕದಾಗ ಅಲ್ಲ, ಹೋದಾಗಿನ ಲೆಕ್ಕದಾಗ ಅನ್ನೂದು ನನ್ನ ವಾದ.

ಕೆರಿಗೆ ಕೋಡಿ ಇದ್ದಂಗ ಮ್ಯಾಲಿನ ಟ್ಯಾಂಕಿಗೂ ಒಂದು ಕೋಡಿ ಇರ್ತೈತಿ. ಅದನ್ನ ದಾಟಿದ ನೀರಷ್ಟ ಕೆಳಗ ಇಳೀತೈತಿ. ಪಂಪ್ ನಡದಾಗ ನೀರು ಕೋಡಿಗಿಂತ ಸೊಲ್ಪ ಮ್ಯಾಲ ನಿಂತಿರ್ತೈತಿ. ಕರೆಂಟ್ ಹೋದ್ರ ಆ ಹೆಚ್ಚಿನ ನೀರು, ಪೈಪಿನೊಳಗಿನ ನೀರು ಎರಡೂ ಸಂಪಿಗೆ ಬರ್ತಾವ. ಇಷ್ಟಕ್ಕ ಏನೂ ತ್ರಾಸಿಲ್ಲ. ಆದ್ರ ನೀರು ಮ್ಯಾಲ ಹಾಕೋ ಪೈಪಿನ ಬಾಯಿ ನೀರಿನೊಳಗ ಆಳಕ್ಕ ಮುಳುಗಿದ್ರ ಅದು ಉಲ್ಟಾ ಎಳ್ಯಾಕ ಹತ್ತತೈತಿ. ಟ್ರ್ಯಾಕ್ಟರಿಂದ ಪೈಪ್ ಹಚ್ಚಿ, ಬಾಯಿಲೆ ಎಳದು ಡೀಸೆಲ್ ತೆಗೀತಾರಲ್ಲ, ಅದ ಸೈಫನ್ನು. ಬಾಯಿಗೆ ಗಾಳಿ ಸಿಗೂತನ ನಿಲ್ಲಂಗಿಲ್ಲ.

ಲೆಕ್ಕ ಮಾಡಿ ನೋಡೂಣು. 4 ಫೂಟಿನ ಟ್ಯಾಂಕ್ ಅಂದ್ರ 120 ಸೆಂಟಿಮೀಟರ್ ಉದ್ದ, 45 ಅಗಲ. ಅದರಾಗ ನೀರು 1 ಸೆಂಟಿಮೀಟರ್ ಇಳದ್ರ 5.4 ಲೀಟರ್. ಪೈಪಿನ ಬಾಯಿ 3 ಸೆಂಟಿಮೀಟರ್ ಒಳಗಿದ್ರ 16 ಲೀಟರ್, ಪೈಪಿನೊಳಗಿಂದು 2 ಹಿಡೀರಿ, ಒಟ್ಟು 18. ಕೆಳಗಿನ ಸಂಪು 75 ಉದ್ದ, 35 ಅಗಲ, 35 ಎತ್ತರ ಅಂದ್ರ ಅದರ ಒಂದೊಂದು ಸೆಂಟಿಮೀಟರಿಗೆ 2.6 ಲೀಟರ್. ನಡಿಯೂ ಮುಂದ ನೀರು ಸರಾಸರಿ 22ಕ್ಕ ನಿಂತಿತ್ತಂದ್ರ ಮ್ಯಾಲ 13 ಸೆಂಟಿಮೀಟರ್ ಖಾಲಿ, 34 ಲೀಟರಿನ ಜಾಗಾ. ಹದಿನೆಂಟು ಲೀಟರ್ ಆರಾಮ ಹಿಡೀತೈತಿ. ಅದ ಪೈಪಿನ ಬಾಯಿ 10 ಸೆಂಟಿಮೀಟರ್ ಒಳಗಿತ್ತು ಅನ್ರಿ. ಕೆಳಗ ಬರೂದು 56 ಲೀಟರ್. ಜಾಗಾ ಇದ್ದದ್ದು 34. ಉಳದ 22 ಲೀಟರ್ ನೆಲದ ಮ್ಯಾಲ, ಅದೂ ರಾತ್ರಿ, ಎಲ್ಲಾರೂ ಮಲಗಿದಾಗ, ಪಡಸಾಲ್ಯಾಗ ಜ್ವಾಳದ ಚೀಲ ಇಟ್ಟಿದ್ರ ಅದರ ಬುಡಕ್ಕ. ಇನ್ನೂ ಮುಗೀಲಿಲ್ಲ. ತಿರುಗಿ ಕರೆಂಟ್ ಬಂದಾಗ ಆ 22 ಲೀಟರ್ ಕಡಿಮಿ ಬೀಳೂದು ಪಂಪ್ ಇರೂ ಖೋಲ್ಯಾಗ. ಅದು ಬತ್ತತೈತಿ, ಪಂಪ್ ಒಣಾ ತಿರುಗಿ ಸುಡ್ತೈತಿ.

ಮದ್ದು ಸಣ್ಣದು. ಪೈಪಿನ ಬಾಯಿ ನೀರಿನ ಮಟ್ಟಕ್ಕ ಹತ್ರ ಇಡ್ರಿ. ನೀರಿನ ಗೆರಿಗಿಂತ ಒಂದೀಟು ಕೆಳಗ ಪೈಪಿಗೆ ಸಣ್ಣ ತೂತು ಹೊಡೀರಿ. ನೀರು ಅಲ್ಲೀತನ ಇಳದ ಕೂಡ್ಲೆ ಗಾಳಿ ಹೊಕ್ಕು ಸೈಫನ್ ಮುರೀತೈತಿ. ಪಾಚಿ ಕಟ್ಟಿ ತೂತು ಮುಚ್ಚತೈತಿ, ಅದಕ್ಕ ತಿಂಗಳಿಗೊಮ್ಮೆ ಕಡ್ಡಿ ಆಡಿಸ್ರಿ. ಅಂಗಡ್ಯಾಗ ಒಮ್ಮುಖ ವಾಲ್ವ್ ಹಾಕ್ರಿ ಅಂತಾರ. ನಾ ನಂಬಂಗಿಲ್ಲ. ನಮ್ಮ ಬೋರಿನ ನೀರು ಗಡಸು, ಹಂಡೇಕ ಬಿಳೀ ಪದರ ಕಟ್ಟಿದಂಗ ವಾಲ್ವಿಗೂ ಕಟ್ಟತೈತಿ. ಒಂದು ಸಣ್ಣ ಶಂಖದ ಹುಳ ಅಡ್ಡ ಕುಂತ್ರೂ ಅದು ಪೂರಾ ಮುಚ್ಚಂಗಿಲ್ಲ.

ಮೀನು ತರೂಕಿಂತ ಮೊದ್ಲ ಪರೀಕ್ಷಾ ಮಾಡ್ರಿ. ಪಂಪ್ ನಡಸಿ, ನೀವ ಸ್ವಿಚ್ ಆರಿಸಿ, ನೀರು ಇಳಿಯೂದು ನಿಲ್ಲೂತನ ಕೂಡ್ರಿ. ಸಂಪಿನ ಅಂಚಿಗೆ ಇನ್ನೂ ಮೂರ್ನಾಕು ಬೆರಳು ಜಾಗಾ ಉಳದಿರಬೇಕು. ಉಳದ್ರ, ಪಂಪ್ ನಡದಾಗಿನ ಮಟ್ಟಕ್ಕ ಗಾಜಿನ ಮ್ಯಾಲ ಗೆರಿ ಎಳೀರಿ. ಮನ್ಯಾಗ ಯಾರು ನೀರು ಹಾಕಿದ್ರೂ ಆ ಗೆರಿ ದಾಟಬಾರ್ದು. ಖಾಲಿ ಜಾಗಾ ಕಂಡ್ರ ನಮ್ಮ ಮಂದಿಗೆ ತುಂಬೂ ಚಟ, ಇನ್ನೊಂದು ಚೀಲ ಉಂಗುರ, ಇನ್ನೊಂದು ಬಕೀಟ ನೀರು. ಆ ಜಾಗಾ ದಂಡ ಅಲ್ಲರೀ, ಕರೆಂಟ್ ಹೋದಾಗ ಬರೂ ನೀರಿಗೆ ಕಾಯ್ದಿಟ್ಟದ್ದು.

ಇಷ್ಟೆಲ್ಲಾ ಉಪದ್ವ್ಯಾಪ ಯಾಕ, ಮುಚ್ಚಿದ ಡಬ್ಬಿ ಫಿಲ್ಟರ್ ಹಾಕಿದ್ರ ಆಗಂಗಿಲ್ಲೇನು ಅಂತ ಕೇಳ್ತಾರ. ಮೀನಿನ ಹೊಲಸಿನಿಂದ ಹುಟ್ಟೂ ಅಮೋನಿಯಾ ಮೀನಿಗೆ ವಿಷ. ಅದನ್ನ ನೈಟ್ರೈಟ್ ಮಾಡಿ, ಆಮ್ಯಾಲ ನೈಟ್ರೇಟ್ ಮಾಡೂದು ಆ ಉಂಗುರದಾಗ ಬೆಳದ ಬ್ಯಾಕ್ಟೀರಿಯಾ. ಅವಕ್ಕ ಉಸಿರು ಬೇಕು. ಡಬ್ಬ್ಯಾಗ ನೀರು ನಿಂತು ತಾಸುಗಟ್ಟಲೆ ಆದ್ರ ಉಸಿರು ಮುಗದು ಅವು ಸಾಯಾಕ ಹತ್ತತಾವ, ಕರೆಂಟ್ ಬಂದ ಕೂಡ್ಲೆ ಆ ಕೊಳತ ನೀರು ಸೀದಾ ಮೀನಿಗೆ. ಸಂಪು ಬಾಯಿ ತೆರದ ತೊಟ್ಟಿ, ಗಾಳಿ ಸೊಲ್ಪರ ಸಿಗ್ತೈತಿ. ಅದಕ್ಕ ನಮ್ಮಂಥಾ ಊರಿಗೆ ಸಂಪ ಬೇಸಿ ಅಂತೀನಿ. ಟ್ಯಾಂಕ್ 2 ಫೂಟಿನದಿದ್ರ ಮಾತ್ರ ಇದರ ಗೊಡವಿ ಬ್ಯಾಡ, ಗಾಳಿ ಪಂಪಿನ ಸ್ಪಂಜ್ ಫಿಲ್ಟರ್ ಸಾಕು.

ಇನ್ನ ಸ್ಟ್ಯಾಂಡು. ಪುಷ್ಯ ಹುಣ್ಣಿವಿಗೆ ಬನಶಂಕರಿ ಜಾತ್ರಿ ಕೂಡಿದ್ರ ನಾಟಕ ಕಂಪನಿ ನೋಡಾಕ ಹೊರಗಿನವ್ರು ಬರ್ತಾರ. ಮನಿ ಕಟ್ಟೋರು ಬರೂದು ಬಾಗ್ಲ ಚೌಕಟ್ಟಿಗೆ. ಚೌಕಟ್ಟು ಮಾಡೂ ಬಡಿಗೇರ ಕೈಲೆ ಸ್ಟ್ಯಾಂಡ್ ಮಾಡಿಸ್ರಿ ಅನ್ನೂದು ನನ್ನ ಮಾತು. ಭಾರ ಯಾವ ಕಟಗಿ ಮ್ಯಾಲ ಕುಂದರ್ತೈತಿ ಅನ್ನೂದು ಅವರಿಗೆ ಹೇಳಿಕೊಡೂದು ಬೇಕಿಲ್ಲ. ಈ ಅಳತಿಯ ಟ್ಯಾಂಕು, ನೀರು, ಗಾಜು, ಉಸುಕು, ಸಂಪು ಎಲ್ಲಾ ಕೂಡಿ ಮೂರೂವರಿ ಕ್ವಿಂಟಲ್ ದಾಟತೈತಿ. ಆದ್ರ ಅವರಿಗೆ ಸಂಪಿನ ಸುದ್ದಿ ಹೇಳ್ಲಿಲ್ಲಂದ್ರ ರೂಢಿ ಪ್ರಕಾರ ಮುಂದ ನಟ್ಟನಡುವ ಒಂದು ಕಂಬ ಕೊಡ್ತಾರ. ಕಂಬದ ಎರಡೂ ಬದಿಗೆ 50 ಚಿಲ್ರೆ ಸೆಂಟಿಮೀಟರ್ ಉಳೀತೈತಿ, 75ರ ಸಂಪು ಹೊಗೂದು ಹ್ಯಾಂಗ? ಕಂಬ ತೆಗಸಬ್ಯಾಡ್ರಿ, ಸರಿಸ್ರಿ. ಒಂದು ಕಡೆ 77 ಬಿಟ್ರ ಇನ್ನೊಂದು ಕಡೆ 28 ಉಳೀತೈತಿ, ಅದರಾಗ ಪ್ಲಗ್ಗಿನ ಬೋರ್ಡು ಎತ್ತರಕ್ಕ ಹಚ್ಚಿ ಮೀನಿನ ಆಹಾರದ ಡಬ್ಬಿ ಇಡಬಹುದು. ಮ್ಯಾಲಿನ ಅಡ್ಡಪಟ್ಟಿ ದಪ್ಪ ಇರ್ಲಿ. ಸಂಪಿನ ಮ್ಯಾಲ ಇನ್ನೊಂದು ಸಂಪಿನಷ್ಟ ಎತ್ತರ ಬಿಡ್ರಿ. ಕೈ ಹೋಗಲಿಲ್ಲಂದ್ರ ಸ್ಪಂಜ್ ತೊಳೆಯೂದು ಇವತ್ತಲ್ಲ ನಾಳೆ ಅಂತ ಮುಂದಕ್ಕ ಹೋಗ್ತೈತಿ. ಹಿಂದ ಹಲಗಿ ಹೊಡಿಸಬ್ಯಾಡ್ರಿ, ಉಗಿ ಆಡ್ಲಿ. ಅಗ್ಗದ ಪ್ಲೈವುಡ್ ಆ ತಂಪಿಗ ಉಬ್ಬತೈತಿ.

ಖರ್ಚಿಂದೂ ಹೇಳಬೇಕು. 40 ವ್ಯಾಟಿನ ಪಂಪ್ ಹಗಲೂ ರಾತ್ರಿ ನಡದ್ರ ದಿನಕ್ಕ ಹತ್ರಹತ್ರ 1 ಯೂನಿಟ್, ತಿಂಗಳಿಗೆ 29. ಗೃಹಜ್ಯೋತಿ ಐತಲ್ಲ ಅನ್ನಬ್ಯಾಡ್ರಿ, ಮನಿಗೆ ಗೊತ್ತು ಮಾಡಿದ ಯೂನಿಟ್ ದಾಟಿದ್ರ ಹೆಚ್ಚಿಂದಕ್ಕ ಬಿಲ್ ಬರ್ತೈತಿ.

ಬ್ಯಾಸಿಗ್ಯಾಗ ಜನ ಒಂದು ಮಾತು ಅಂತಾರ, ಕುಡ್ಯಾಕ ನೀರಿಲ್ಲ, ಇವರಿಗೆ ಮೀನಿಗೆ 250 ಲೀಟರ್. ಮಾತು ಕಹಿ ಆದ್ರೂ ಸುಳ್ಳಲ್ಲ. ನಾ ಕೊಡೂ ಉತ್ತರ ಇಷ್ಟ: ಈ ನೀರು ಹರದು ಹೋಗೂದಲ್ಲ, ತಿರುಗಾಡೂದು. ಹೊಸಾದು ಬೇಕಾಗೂದು ಆರಿ ಹೋದಷ್ಟು, ವಾರಕ್ಕೊಮ್ಮೆ ಬದಲ ಮಾಡೂ ಒಂದೆರಡು ಬಕೀಟ. ಆರಿದ್ದು ಗೊತ್ತಾಗೂದೂ ಸಂಪಿನಿಂದನ, ಮ್ಯಾಲಿನ ಮಟ್ಟ ಅಲುಗಂಗಿಲ್ಲ, ಪಂಪಿನ ಖೋಲಿ ಇಳೀತೈತಿ. ಬರೇ ಬೋರಿನ ನೀರು ಸುರುವುತ ಹೋದ್ರ ಆರೂದು ನೀರು, ಉಳಿಯೂದು ಉಪ್ಪು. ಅದಕ್ಕ ಕೂಡಿಟ್ಟ ಮಳಿನೀರು ಇದ್ರ ಅದನ್ನ ಹಾಕ್ರಿ. ಬದಲ ಮಾಡಿದ ನೀರಿನಾಗ ನೈಟ್ರೇಟ್ ಇರ್ತೈತಿ, ಗಿಡಕ್ಕ ಅದ ಗೊಬ್ಬರ. ಹಿತ್ತಲ್ದಾಗ ಕರಿಬೇವು, ಒಂದೆರಡು ಎಲಿಬಳ್ಳಿ ಇದ್ರ ಅಲ್ಲಿ ಸುರುವ್ರಿ. ಅಷ್ಟೂ ಮಾಡಾಕ ಮನಸಿಲ್ಲಂದ್ರ 4 ಫೂಟಿನ ಟ್ಯಾಂಕಿನ ಆಸೆ ಬಿಟ್ಟು 2 ಫೂಟಿಂದು ತಗೋರಿ, ಅದಕ್ಕ ಸಂಪೂ ಬೇಕಿಲ್ಲ.