ಸಭೆಯಲ್ಲಿ ಮೌನವು ಸಮ್ಮತಿಯಲ್ಲ

ಮೌನವು ಸಮ್ಮತಿಯ ಲಕ್ಷಣವೆಂಬ ಮಾತು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಮದುವೆಯ ಮಾತುಕತೆಯಿಂದ ಹಿಡಿದು ಸಂಘದ ಲೆಕ್ಕಪತ್ರದ ವರೆಗೆ ಎಷ್ಟೋ ಕಾರ್ಯಗಳು ಇದನ್ನೇ ಆಧಾರಮಾಡಿಕೊಂಡು ತೀರ್ಮಾನವಾಗುತ್ತವೆ. ಏಳೆಂಟು ಮಂದಿ ಕೂಡಿದ ಸಮಿತಿಯಲ್ಲಿ ಒಬ್ಬರು ಮಾತನಾಡುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಉಳಿದವರು ನೆಲವನ್ನು ನೋಡುತ್ತಾರೆ; ನಡವಳಿ ಪುಸ್ತಕದಲ್ಲಿ ಮಾತ್ರ 'ಸರ್ವಾನುಮತದಿಂದ' ಎಂದು ಬರೆಯಲ್ಪಡುತ್ತದೆ. ಈ ಶಾಲೆಯಲ್ಲಿ ಕಲಿತು ಹೊರಟ ಸೋದರಿಯರಲ್ಲಿ ಅನೇಕರು ಇಂದು ಇಂಥ ಸಮಿತಿಗಳಲ್ಲಿ ಕುಳಿತಿರುವ ಕಾರಣ, ಈ ಮಾತನ್ನು ಪರೀಕ್ಷಿಸಿ ನೋಡುವುದು ಯುಕ್ತವೆಂದು ನಮಗೆ ತೋರುತ್ತದೆ.

ಮೌನಕ್ಕೆ ಸಮ್ಮತಿಯ ಹೊರತು ಬೇರೆ ಕಾರಣಗಳೂ ಉಂಟು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸಾಲೊಮನ್ ಆಶ್ ಎಂಬವರು 1951ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಗೆರೆಯನ್ನು ತೋರಿಸಿ, ಬೇರೆ ಮೂರು ಗೆರೆಗಳಲ್ಲಿ ಅದಕ್ಕೆ ಸಮನಾದುದು ಯಾವುದೆಂದು ಗುಂಪಿನವರನ್ನು ಒಬ್ಬೊಬ್ಬರನ್ನಾಗಿ ಕೇಳಲಾಯಿತು. ಒಬ್ಬನ ಹೊರತು ಉಳಿದವರೆಲ್ಲರು ಮೊದಲೇ ಹೇಳಿಕೊಟ್ಟ ಪ್ರಕಾರ ತಪ್ಪು ಗೆರೆಯನ್ನು ತೋರಿಸಿದರು. ಹೀಗೆ ಒಂಟಿಯಾಗಿ ಉಳಿದವರು, ತಮ್ಮ ಕಣ್ಣಿಗೆ ನಿಜವು ಸ್ಪಷ್ಟವಾಗಿ ಕಾಣುತ್ತಿದ್ದರೂ, ಸುಮಾರು ಮೂರರಲ್ಲಿ ಒಂದು ಪಾಲು ಉತ್ತರಗಳಲ್ಲಿ ಗುಂಪಿನ ತಪ್ಪನ್ನೇ ಹೇಳಿದರು. ಆದರೆ ಇನ್ನೊಬ್ಬನು ನಿಜವನ್ನು ನುಡಿದಲ್ಲಿ, ಈ ತಪ್ಪುಗಳು ಕಾಲುಭಾಗದಷ್ಟಕ್ಕೆ ಇಳಿದುವು. ಪರೀಕ್ಷೆಗೊಳಗಾದವರೆಲ್ಲರು ಕಾಲೇಜಿನ ಗಂಡಸರು. ಆದುದರಿಂದ ಗುಂಪಿಗೆ ಬಾಗುವುದು ಸ್ತ್ರೀಯರ ದೌರ್ಬಲ್ಯವೆಂದು ಯಾರೂ ಹೇಳಕೂಡದು.

ಬುದ್ಧಿವಂತರ ಸಭೆಗೂ ಈ ದೋಷವು ತಪ್ಪಿದ್ದಲ್ಲ. 1961ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಬೆಂಬಲದಿಂದ ಸುಮಾರು 1,400 ಮಂದಿ ಕ್ಯೂಬಾ ದೇಶದ ಬೇ ಆಫ್ ಪಿಗ್ಸ್ ಎಂಬ ಕೊಲ್ಲಿಯಲ್ಲಿ ದಂಡಿಳಿದು, ಕೆಲವೇ ದಿನಗಳಲ್ಲಿ ಸೋತರು, ಬಹುಮಂದಿ ಸೆರೆಯಾದರು. ಅಧ್ಯಕ್ಷ ಕೆನೆಡಿಯವರ ಸಲಹೆಗಾರರಾಗಿದ್ದ ಚರಿತ್ರಕಾರ ಆರ್ಥರ್ ಶ್ಲೆಸಿಂಜರರು ಈ ಉದ್ಯಮವು ಕೂಡದೆಂದು ಬರೆದುಕೊಟ್ಟಿದ್ದರೂ ಸಭೆಯಲ್ಲಿ ಸುಮ್ಮನಿದ್ದರು. ಬಳಿಕ ಆ ಮೌನಕ್ಕಾಗಿ ನೊಂದರು. ಮರುವರುಷ ಅಕ್ಟೋಬರಿನಲ್ಲಿ ಅದೇ ಕ್ಯೂಬಾದ ಕ್ಷಿಪಣಿಗಳ ಸಂಕಟವು ಬಂದಾಗ ಕೆನೆಡಿಯವರು ಕೆಲವು ಸಭೆಗಳಿಗೆ ಬೇಕೆಂದೇ ಹೋಗದೆ, ತಮ್ಮ ಮುಖವನ್ನು ನೋಡಿ ಯಾರೂ ಮಾತನಾಡದಂತೆ ಮಾಡಿದರು. ಸಲಹೆಗಾರರಲ್ಲಿ ಹಲವರು ಹಿಂದಿನವರೇ. ಸಭೆಯ ಕ್ರಮವು ಮಾತ್ರ ಬೇರೆಯಾಯಿತು. ಇರ್ವಿಂಗ್ ಜಾನಿಸ್ ಎಂಬ ಪಂಡಿತರು 1972ರ ತಮ್ಮ ಗ್ರಂಥದಲ್ಲಿ ಈ ಎರಡನ್ನೂ ಹೋಲಿಸಿ, ಒಗ್ಗಟ್ಟಿನ ಆಸೆಯು ವಿವೇಕವನ್ನು ಹೇಗೆ ನುಂಗುವುದೆಂದು ತೋರಿಸಿದ್ದಾರೆ.

ಇನ್ನು ಸ್ತ್ರೀಯರ ಸಂಗತಿ. ಅಮೆರಿಕದಲ್ಲಿ ಐದೈದು ಮಂದಿಯ ಗುಂಪುಗಳನ್ನು ಪರೀಕ್ಷಿಸಿ ಕಾರ್ಪೊವಿಟ್ಜ್, ಮೆಂಡೆಲ್‌ಬರ್ಗ್ ಮೊದಲಾದವರು 2012ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಬಹುಮತದಿಂದ ತೀರ್ಮಾನವಾಗುವ ಗುಂಪಿನಲ್ಲಿ ಹೆಂಗಸರು ಒಬ್ಬಿಬ್ಬರೇ ಇದ್ದರೆ ಅವರು ತಮ್ಮ ಪಾಲಿಗಿಂತ ಬಹಳ ಕಡಿಮೆ ಮಾತನಾಡಿದರು. ಎಲ್ಲರೂ ಒಪ್ಪಿದ ಹೊರತು ತೀರ್ಮಾನವಿಲ್ಲವೆಂಬ ನಿಯಮವಿದ್ದಲ್ಲಿ ಆ ಒಬ್ಬಿಬ್ಬರೂ ಧೈರ್ಯವಾಗಿ ನುಡಿದರು. ನಮ್ಮ ರಾಜ್ಯದಲ್ಲಿ 1987ರ ಚುನಾವಣೆಯಲ್ಲಿಯೇ ಸ್ಥಳೀಯ ಮಂಡಲಿಗಳಲ್ಲಿ ನೂರಕ್ಕೆ 25 ಸ್ಥಾನಗಳು ಸ್ತ್ರೀಯರಿಗೆ ಮೀಸಲಾದುವು. 2010ರಲ್ಲಿ ಪಂಚಾಯಿತಿಗಳಲ್ಲಿ ಅವು ಅರ್ಧದಷ್ಟಾದುವು. ಇದು ಸಣ್ಣ ಲಾಭವಲ್ಲ. ಆದರೂ ಸದಸ್ಯೆಯ ಬದಲು ಆಕೆಯ ಪತಿಯೇ ಉತ್ತರಕೊಡುವುದನ್ನು ಹಲವು ಊರುಗಳಲ್ಲಿ ಇನ್ನೂ ಕಾಣುತ್ತೇವೆ. ಕುರ್ಚಿಯು ದೊರಕಿದ ಮಾತ್ರಕ್ಕೆ ಮಾತು ದೊರಕುವುದಿಲ್ಲ.

ಹಿರಿಯರ ಮುಂದೆ ಭಿನ್ನವಾಗಿ ನುಡಿಯುವುದು ಅವಿನಯವಲ್ಲವೇ ಎಂದು ಕೆಲವರು ಕೇಳಬಹುದು. ಅಲ್ಲವೆಂದೇ ನಮ್ಮ ಅಭಿಪ್ರಾಯವು. ಅಭಿಪ್ರಾಯವನ್ನು ಕೇಳುವುದಕ್ಕಾಗಿ ಕರೆದವರ ಮುಂದೆ ಅದನ್ನು ಬಚ್ಚಿಟ್ಟು, ಮನೆಗೆ ಹೋಗುವ ದಾರಿಯಲ್ಲಿ ಗೊಣಗುವುದೇ ಅವಿನಯವು. ಇದರಲ್ಲಿ ಮೊದಲನೆಯ ಹೊಣೆಯು ಬಲವುಳ್ಳವರದು. ಪ್ರಾಚೀನ ಯೆಹೂದ್ಯರ ನ್ಯಾಯಸಭೆಯ ಕ್ರಮವನ್ನು ತಿಳಿಸುವ ಮಿಷ್ನಾ ಎಂಬ ಗ್ರಂಥದಲ್ಲಿ, ಮರಣದಂಡನೆಯ ವ್ಯಾಜ್ಯಗಳಲ್ಲಿ ಬದಿಯಲ್ಲಿ ಕುಳಿತ ಕಿರಿಯರಿಂದಲೇ ಅಭಿಪ್ರಾಯವನ್ನು ಕೇಳತೊಡಗಬೇಕೆಂಬ ನಿಯಮವುಂಟು. ಹಿರಿಯನು ಮೊದಲು ನುಡಿದರೆ ಕಿರಿಯನ ಬಾಯಿ ಕಟ್ಟುವುದೆಂದು ಅವರು ತಿಳಿದಿದ್ದರು. ನಮ್ಮ ಸಂಘಗಳ ಅಧ್ಯಕ್ಷಿಣಿಯರೂ ಕೊನೆಗೆ ಮಾತನಾಡಲಿ. ಹಣದ ವಿಷಯವಾದರೆ ಪ್ರತಿಯೊಬ್ಬಳೂ ಮೊದಲು ಚೀಟಿಯಲ್ಲಿ ಬರೆದುಕೊಡಲಿ. ಒಪ್ಪದವರ ಮಾತನ್ನೂ ಕಾರ್ಯದರ್ಶಿಯು ನಡವಳಿಯಲ್ಲಿ ದಾಖಲುಮಾಡಲಿ.

ತಂದೆತಾಯಿಗಳಿಗೆ ನಮ್ಮ ವಿಜ್ಞಾಪನೆಯು ಇಷ್ಟೇ. ಮನೆಯು ಮಗುವಿನ ಮೊದಲನೆಯ ಸಭೆಯು. ಮಗನ ಕಾಲೇಜನ್ನು ಗೊತ್ತುಮಾಡುವಾಗ ಅವನನ್ನು ಕೇಳಿ, ಮಗಳ ಕಾಲೇಜನ್ನು ಅವಳ ಬೆನ್ನ ಹಿಂದೆ ಗೊತ್ತುಮಾಡುವ ಮನೆಯಲ್ಲಿ, ಶಾಲೆಯ ಚರ್ಚಾಕೂಟವು ಎಷ್ಟು ಕಲಿಸಿದರೂ ನಿಲ್ಲದು. ಊಟಕ್ಕೆ ಕುಳಿತಾಗ 'ನಿನಗೆ ಹೇಗೆ ತೋರುತ್ತದಮ್ಮಾ?' ಎಂದು ಕೇಳಿ, ಉತ್ತರವು ಹಿತವಾಗದಿದ್ದರೂ ಪೂರ್ತಿಯಾಗಿ ಕೇಳಿರಿ.

ಸೋದರಿಯರೇ, ಪ್ರತಿಯೊಂದಕ್ಕೂ ವಾದಿಸಬೇಕೆಂದು ನಾವು ಹೇಳುವುದಿಲ್ಲ. ಆದರೆ ಮುಂದಿನ ಸಭೆಯಲ್ಲಿ ಒಬ್ಬಳು ಒಂಟಿಯಾಗಿ ಎದ್ದು, ನಿಮಗೂ ನಿಜವೆಂದು ತೋರುವ ಮಾತನ್ನು ನುಡಿದಾಗ, ಅವಳ ಪಕ್ಕದಲ್ಲಿ ಎರಡನೆಯವಳಾಗಿ ಎದ್ದುನಿಲ್ಲಿರಿ. ಇಷ್ಟನ್ನು ಮಾಡುವುದಕ್ಕೆ ಅಧಿಕಾರವೂ ಬೇಕಿಲ್ಲ, ಹುದ್ದೆಯೂ ಬೇಕಿಲ್ಲ.